ಮುಖ ಕಲಿಯುತ್ತಿದ್ದೇನೆ

ಪ್ರೀತಿಯ ಜಿರಾಫೆ,

ಹೆದರಬೇಡ, ನಿಜವಾದ ಹೆಸರು ಬರೆಯುವುದಿಲ್ಲ. ಗೊತ್ತಿರುವವರಿಗೆ ಇಷ್ಟೇ ಸಾಕು, ಉಳಿದವರಿಗೆ ಹೇಳುವಂಥ ಕಥೆಯಲ್ಲ ಅದು.

"ಎಲ್ಲಿ ಸತ್ತೆ?" ಎಂದು ಮೆಸೇಜ್ ಹಾಕಿದ್ದೀಯಲ್ಲ, ಉತ್ತರವನ್ನು ಎಲ್ಲರೆದುರೇ ಕೊಡುತ್ತಿದ್ದೇನೆ. ತಾಲೀಮಿನಲ್ಲಿದ್ದೇನೆ ಕಣೋ. ಜಿಮ್ ಅಲ್ಲ, ನಗಬೇಡ. ಮುಖ ನೋಡುವ ತಾಲೀಮು. ನನಗೆ ಮುಖಗಳ ಗುರುತು ಹತ್ತುವುದಿಲ್ಲ, ಅದಕ್ಕೆ. ಪರದೆಯ ಮೇಲೆ ಒಂದು ಮುಖ ಬರುತ್ತದೆ. ಹುಬ್ಬಿಗೂ ಕಣ್ಣಿಗೂ ಎಷ್ಟು ಅಂತರ, ಮೂಗಿಗೂ ಬಾಯಿಗೂ ಎಷ್ಟು, ಎರಡನ್ನೂ ಒಟ್ಟಿಗೆ ಅಂದಾಜು ಮಾಡಿ ಈ ಗುಂಪೋ ಆ ಗುಂಪೋ ಎಂದು ಒತ್ತಬೇಕು. ಶುರುವಿನಲ್ಲಿ ತಲೆಯೊಳಗೆ ಅಳತೆಪಟ್ಟಿ ಹಿಡಿದು ಕೂರುತ್ತೇವೆ. ಮಾಡುತ್ತಾ ಮಾಡುತ್ತಾ ಅಳತೆ ಬಿಟ್ಟುಹೋಗಿ, ಮುಖ ಇಡಿಯಾಗಿ ಒಂದೇ ಏಟಿಗೆ ಕಾಣತೊಡಗುತ್ತದೆ.

ಇದಕ್ಕೆ ಮೊದಲು ಕೇಂಬ್ರಿಡ್ಜ್ ಮುಖ ಸ್ಮರಣೆ ಪರೀಕ್ಷೆಗೆ ಕೂತಿದ್ದೆ. ಕೂದಲು ಕಾಣದಂತೆ ಕತ್ತರಿಸಿದ ಆರು ಮುಖಗಳನ್ನು ತೋರಿಸಿ, ಆಮೇಲೆ ಬೇರೆ ಕೋನ, ಬೇರೆ ಬೆಳಕಿನಲ್ಲಿ ಗುರುತಿಸು ಎನ್ನುತ್ತಾರೆ. 72 ಪ್ರಶ್ನೆ, ಒಂದೊಂದಕ್ಕೂ ಮೂರು ಆಯ್ಕೆ. ಕಣ್ಣು ಮುಚ್ಚಿ ಒತ್ತಿದರೂ 24 ಬರಬೇಕು. ನನಗೆ ಅದಕ್ಕಿಂತ ಜಾಸ್ತಿ ಬಂತು ಎಂಬುದಷ್ಟೇ ನನ್ನ ಹೆಮ್ಮೆ.

ಮೆದುಳಿನ ಅಡಿಭಾಗದಲ್ಲಿ, ಹೆಚ್ಚಾಗಿ ಬಲಗಡೆ, ಮುಖ ಕಂಡರೆ ಚುರುಕಾಗುವ ಒಂದು ತುಣುಕಿದೆ. 1997ರಲ್ಲಿ ಮೆದುಳಿನ ವಿಜ್ಞಾನಿ ನ್ಯಾನ್ಸಿ ಕ್ಯಾನ್‌ವಿಶರ್ ತಂಡ ಅದಕ್ಕೆ ಫ್ಯೂಸಿಫಾರ್ಮ್ ಮುಖ ಪ್ರದೇಶ ಎಂದು ಹೆಸರಿಟ್ಟಿತು. ಮುಖ ಕಂಡ ಸುಮಾರು 170 ಮಿಲಿಸೆಕೆಂಡಿಗೆ ನೆತ್ತಿಯ ಹಿಂಬದಿಯಲ್ಲಿ ಅಳೆಯಬಹುದಾದ ಒಂದು ವಿದ್ಯುತ್ ಅಲೆಯೂ ಏಳುತ್ತದೆ. ಹುಟ್ಟಿನಿಂದಲೇ ಮುಖ ಗುರುತಿಸಲಾಗದ ಒಬ್ಬ ಮಹಿಳೆಗೆ ಸಂಶೋಧಕ ಡಿಗುಟಿಸ್ ತಂಡ ಇದೇ ಬಗೆಯ ತಾಲೀಮು ಕೊಟ್ಟು 2007ರಲ್ಲಿ ಫಲಿತಾಂಶ ಪ್ರಕಟಿಸಿತು. ಮೊದಲು ಆಕೆಯ ಮೆದುಳಿನಲ್ಲಿ ಆ ಅಲೆ ಮುಖಕ್ಕೂ ವಸ್ತುವಿಗೂ ಭೇದ ಮಾಡುತ್ತಿರಲಿಲ್ಲ, ತಾಲೀಮಿನ ನಂತರ ಮಾಡಿತು. ನನಗೆ ರೋಮಾಂಚನವಾದದ್ದು ಇನ್ನೊಂದು ವಿಷಯಕ್ಕೆ. ಆ ಮುಖ ಪ್ರದೇಶದ ಚಟುವಟಿಕೆಯೇನೂ ಏರಿರಲಿಲ್ಲ. ಅದಕ್ಕೂ, ಅದರ ಹಿಂದೆ ಮುಖಕ್ಕೇ ಮೀಸಲಾದ ಮತ್ತೊಂದು ಪ್ರದೇಶಕ್ಕೂ ನಡುವಿನ ಹೊಂದಾಣಿಕೆ ಏರಿತ್ತು. ಮನೆಗೆ ಹೊಸಬರು ಯಾರೂ ಬರಲಿಲ್ಲ, ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಮಾತಾಡಿಕೊಂಡರು, ಅಷ್ಟೇ.

ಇನ್ನೊಂದು ಕೇಳು. ಆರು ತಿಂಗಳ ಕೂಸು ಒಂದು ಕೋತಿಯ ಮುಖವನ್ನು ಇನ್ನೊಂದರಿಂದ ಬೇರೆಯೆಂದು ಕಾಣಬಲ್ಲದು. ಒಂಬತ್ತು ತಿಂಗಳಿಗೆ ಆ ಶಕ್ತಿ ಕರಗಿರುತ್ತದೆ. ಆ ನಡುವೆ ಒಂದೊಂದು ಕೋತಿಗೂ ಹೆಸರಿಟ್ಟ ಚಿತ್ರಪುಸ್ತಕವನ್ನು ಮನೆಯವರು ತೋರಿಸುತ್ತಾ ಬಂದ ಕೂಸುಗಳಲ್ಲಿ ಅದು ಉಳಿದುಕೊಂಡಿತು. ಆ ಕೂಸುಗಳ ಮೇಲೆ ನನಗೆ ಹೊಟ್ಟೆಕಿಚ್ಚು, ಮಾರಾಯ.

ಈಗ ಕಾಡುತ್ತಿರುವ ವಿಷಯ. ಮೊನ್ನೆ ನಿದ್ದೆ ಬಾರದೆ ನನ್ನ ಸ್ನೇಹಿತರನ್ನೆಲ್ಲ ಮನಸ್ಸಿನಲ್ಲಿ ಸಾಲಾಗಿ ನಿಲ್ಲಿಸಿದೆ. ಒಬ್ಬನ ಕೆನ್ನೆಯಲ್ಲಿ ಮಚ್ಚೆ. ಒಬ್ಬಳ ನಗು ಎರಡು ಬೀದಿಯಾಚೆಗೂ ಕೇಳುತ್ತದೆ. ಇನ್ನೊಬ್ಬ ನಡೆಯುವಾಗ ಎಡಕ್ಕೆ ವಾಲುತ್ತಾನೆ. ನಿನ್ನದೇನೆಂದು ಇಲ್ಲಿ ಹೇಳುವುದಿಲ್ಲ. ಮಾಮೂಲಿ ಮುಖದವರು ಆ ಸಾಲಿನಲ್ಲಿ ಒಬ್ಬರೂ ಇಲ್ಲ! ಗುಣ ನೋಡಿ ಸ್ನೇಹ ಮಾಡಿದೆ ಎಂದುಕೊಂಡಿದ್ದೆನಲ್ಲ, ನಾನು ಮಾಡಿದ್ದು ಗುರುತು ಸಿಕ್ಕವರ ಜೊತೆ. ಉಳಿದವರು ಎರಡನೇ ಸಲ ಎದುರಾದಾಗ ಹೊಸಬರಂತೆ ಕೈಕುಲುಕಿರುತ್ತೇನೆ, ಅವರು ಸುಮ್ಮನೆ ಸರಿದುಹೋಗಿರುತ್ತಾರೆ. ನನಗೆ ಸೊಕ್ಕು ಎಂದವರನ್ನು ನಾನು ಯಾವತ್ತೂ ತಿದ್ದಲಿಲ್ಲ. ಸೊಕ್ಕಿಗಾದರೂ ಒಂದು ಗತ್ತಿದೆ.

ಅವಳಿಗೆ ಮಚ್ಚೆ ಇರಲಿಲ್ಲ. ಜೋರು ನಗುವೂ ಇರಲಿಲ್ಲ. ಉದ್ದ ಜಡೆಯಿತ್ತು, ನಾನು ಗುರುತು ಹಿಡಿಯುತ್ತಿದ್ದದ್ದು ಅದನ್ನೇ. ಅದನ್ನು ಕತ್ತರಿಸಿಕೊಂಡು ಬಂದ ದಿನ ಪಕ್ಕದಲ್ಲೇ ದಾಟಿಹೋದೆ. ಹಿಂದಿನ ಸಂಜೆ ಅವಳು ಕೇಳಿದ್ದ ಪ್ರಶ್ನೆಗೆ ಅದೇ ಉತ್ತರ ಎಂದುಕೊಂಡಿರಬೇಕು. ಆಮೇಲೆ ಕೇಳಲಿಲ್ಲ. ನಾನೂ ಹೇಳಲಿಲ್ಲ. ನಿನಗೂ ಹೇಳಿರಲಿಲ್ಲ, ಅಲ್ಲವಾ?

ಈ ಪ್ಯಾರಾ ಅಳಿಸಬೇಕು. ಬೇಡ ಬಿಡು, ಇದಕ್ಕೇ ಲೈಕ್ ಜಾಸ್ತಿ ಬೀಳುವುದು.

ತಾಲೀಮಿನ ಮೇಲೆ ತೀರಾ ಭರವಸೆ ಇಟ್ಟುಕೊಳ್ಳಬೇಡ. ಬಿಟ್ಟರೆ ಫಲವೂ ಮೆಲ್ಲಗೆ ಇಳಿಯುತ್ತದಂತೆ. 2014ರಲ್ಲಿ ನನ್ನಂಥ 24 ಮಂದಿಗೆ ಮೂರು ವಾರ ಮಾಡಿಸಿದಾಗ ನೇರ ನೋಡುವ ಮುಖಗಳ ಮಟ್ಟಿಗೆ ಸುಧಾರಣೆ ಕಂಡಿತು, ಓರೆಯಾಗಿ ತಿರುಗಿದ ಮುಖಗಳಿಗೆ ಕಾಣಲಿಲ್ಲ. ಹಾಗಾಗಿ ಮುಂದಿನ ಸಲ ಸಿಕ್ಕಾಗ ದಯವಿಟ್ಟು ಪಾಸ್‌ಪೋರ್ಟ್ ಫೋಟೋಕ್ಕೆ ನಿಂತ ಹಾಗೆ ನಿಲ್ಲು. ಎರಡೂ ಕಿವಿ ಕಾಣಬೇಕು. ಕತ್ತು ಬಗ್ಗಿಸು.

ನಿನ್ನ,
ಎರಡನೇ ಚಿಕ್ಕಪ್ಪ