ಉಲ್ಟಾ ಕೊರೆದ ಶಂಖ, ಒಡೆದ ಬೀಟೆ: ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಕೊರೆಯುವ ಯಂತ್ರ) ಕೆಲಸದ ಬಗ್ಗೆ ದೂರು

ಮ್ಯಾನೇಜರ್ ಅವರಿಗೆ,
ಸಿಎನ್‌ಸಿ ರೌಟರ್ ವಿಭಾಗ, ಬೈಕಂಪಾಡಿ, ಮಂಗಳೂರು

ವಿಷಯ: ದೇವರ ಕೋಣೆ ಬಾಗಿಲಿನ ಇನ್‌ಲೇ (ಒಂದು ಮರದಲ್ಲಿ ಇನ್ನೊಂದು ಮರದ ಚಿತ್ರ ಕೂರಿಸುವ ಕೆಲಸ) ಹಾಳು ಮಾಡಿದ್ದು

ಸಾರ್,

ಫೋನಿನಲ್ಲಿ ಮರ್ಯಾದೆಯಿಂದ ಕೇಳಿ ಸಾಕಾಯ್ತು. "ನಾಳೆ ನೋಡುವ" ಅನ್ನುವುದು ಬಿಟ್ಟರೆ ನಿಮ್ಮ ಕಡೆಯಿಂದ ಬೇರೆ ಮಾತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಕಾಪುವಿನ ಒಂದು ಗುತ್ತಿನ ಮನೆಯ ಹಳೆ ಬಾಗಿಲಿನ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಶಂಖ, ಚಕ್ರ, ಸುತ್ತಲಿನ ಬಳ್ಳಿ ಎಲ್ಲ ಪೆನ್ಸಿಲಿನಲ್ಲಿ ತೆಗೆದವನು ನಾನು. ಅದನ್ನು ಡಿಎಕ್ಸ್‌ಎಫ್ ಅನ್ನುವ ಕಂಪ್ಯೂಟರ್ ನಕ್ಷೆಯ ಫೈಲ್ ಮಾಡಿಸಿ ನಿಮಗೆ ಕೊಟ್ಟೆ. ಬೀಟೆ ಹಲಗೆಯಲ್ಲಿ ಪಾಕೆಟ್ (ಚಿತ್ರದ ಗುಳಿ), ಹಲಸಿನಲ್ಲಿ ಪ್ಲಗ್ (ಆ ಗುಳಿಗೆ ಕೂರುವ ಉಬ್ಬು ಚಿತ್ರ), ಕೊರೆಯಲು ಚೂಪು ತುದಿಯ 60 ಡಿಗ್ರಿ ವಿ-ಬಿಟ್. ನೇರ ಬಿಟ್ಟಿನಲ್ಲಿ ಬಳ್ಳಿಯ ಒಳಮೂಲೆಗಳು ಗುಂಡಗಾಗುತ್ತವೆ, ಅದಕ್ಕೇ ವಿ-ಬಿಟ್ ಕೇಳಿದ್ದು. ಪಾಕೆಟ್, ಪ್ಲಗ್ ಎರಡಕ್ಕೂ ಟೂಲ್‌ಪಾತ್ (ಬಿಟ್ ಓಡುವ ದಾರಿ) ನೀವೇ ಮಾಡುವುದು ಅಂತ ನಿಮ್ಮ ಕೊಟೇಶನ್ನಿನಲ್ಲೇ ಇದೆ.

ಈ ಥರದ ಇನ್‌ಲೇಯಲ್ಲಿ ಪ್ಲಗ್ಗನ್ನು ಕವುಚಿ ಹಾಕಿ ಅಂಟಿಸುತ್ತಾರೆ. ಅಂಟು ಒಣಗಿದ ಮೇಲೆ ಮೇಲಿನ ಮರ ತೆಗೆಯುತ್ತಾರೆ. ಹಾಗಾಗಿ ಪ್ಲಗ್ಗಿನ ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಬದಲಾಗಿರಬೇಕು. ಇದು ನಿಮಗೆ ಗೊತ್ತಿಲ್ಲದ್ದಲ್ಲ. ಆದರೂ ನಿಮ್ಮವರು ಬದಲಿಸದೆ ಕೊರೆದಿದ್ದಾರೆ. ಚಕ್ರ ಎರಡೂ ಕಡೆ ಒಂದೇ ಥರ, ಅದು ಚೆನ್ನಾಗಿ ಕೂತಿತು. ಶಂಖದ ತುದಿ ಮಾತ್ರ ಪಾಕೆಟ್ಟಿನಲ್ಲಿ ಎಡಕ್ಕೆ, ಪ್ಲಗ್ ಕವುಚಿದರೆ ಬಲಕ್ಕೆ. ಬಳ್ಳಿಯದೂ ಅದೇ ಕಥೆ.

ತೋರಿಸಲು ಬಂದಾಗ ಕೌಂಟರಿನಲ್ಲಿದ್ದವರು ಫೈಲ್ ತೆರೆದೂ ನೋಡಲಿಲ್ಲ. "ಎಂತ ಆಚಾರ್ರೇ, ನೀವು ಕೊಟ್ಟದ್ದೇ ಸರಿ ಇಲ್ಲ" ಅಂದರು. ಕೊಟೇಶನ್ ಮುಂದೆ ಹಿಡಿದೆ. "ಉಳಿ ಹಿಡಿಯುವವರಿಗೆ ಕಂಪ್ಯೂಟರ್ ಕೆಲಸ ಎಲ್ಲಿ ಅರ್ಥ ಆಗ್ತದೆ" ಅಂತ ಪಕ್ಕದ ಗಿರಾಕಿಗಳಿಗೆ ಕೇಳುವ ಹಾಗೆ ಹೇಳಿದರು. ಅವರೂ ನಕ್ಕರು. ಆಮೇಲೆ "ಕೂರ್ತದೆ ನೋಡಿ" ಅಂತ ಪ್ಲಗ್ಗನ್ನು ಹಲಗೆಯ ಮೇಲಿಟ್ಟು ಸುತ್ತಿಗೆಯಲ್ಲಿ ಹೊಡೆದರು. ಬೇಡ ಅಂತ ಕೈ ಅಡ್ಡ ಹಿಡಿದೆ. "ಕೈ ತೆಗೀರಿ" ಅಂತ ಗದರಿಸಿ ಮತ್ತೆ ಹೊಡೆದರು. ಶಂಖದ ಬಾಯಿಯ ಹತ್ತಿರ ಬೀಟೆಯ ಅಂಚು ಸಿಬಿರು ಸಿಬಿರಾಗಿ ಎದ್ದು ಬಂತು. ಒಂದು ಕ್ಷಮೆ ಇಲ್ಲ. "ಮರದ ಹುಡಿಗೆ ಫೆವಿಕಾಲ್ ಕಲಸಿ ತುಂಬಿಸಿ, ಗೊತ್ತೇ ಆಗುದಿಲ್ಲ" ಅಂದರು.

ದೇವರ ಬಾಗಿಲಿಗೆ ಹುಡಿ ತುಂಬಿಸಿ ಕೊಡುವ ಕೆಲಸ ನಾನು ಮಾಡುವುದಿಲ್ಲ. ಆ ಬೀಟೆ ಈ ಬಾಗಿಲು ಮಾಡಿಸುವ ಮನೆಯ ಹಿರಿಯರ ಮಂಚದ ಹಲಗೆ. ಅಂಗಡಿಗೆ ಹೋಗಿ ಇನ್ನೊಂದು ತರುವಂಥದ್ದಲ್ಲ. ಅಲ್ಲಿ ಮನೆ ಒಕ್ಕಲಿಗೆ ಮುಹೂರ್ತವೂ ಇಟ್ಟಾಗಿದೆ. ಆ ಮನೆಯವರಿಗೆ ನಾನು ಏನು ಮುಖ ತೋರಿಸಲಿ?

ಕೊರೆದ ಕೂಲಿ ಪೂರ್ತಿ ವಾಪಸ್ ಬೇಕು. ಬೀಟೆಯ ಬೆಲೆ ಬೇಕು. ಕೌಂಟರಿನವರು ಆಡಿದ ಮಾತಿಗೆ ಬರವಣಿಗೆಯಲ್ಲಿ ಕ್ಷಮೆ ಬೇಕು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವವನೂ ಆ ಕಾಯ್ದೆಯಲ್ಲಿ ಗ್ರಾಹಕನೇ. ಒಡೆದ ಹಲಗೆ, ಪ್ಲಗ್, ನಿಮ್ಮ ಕೊಟೇಶನ್ ಎಲ್ಲ ನನ್ನ ಹತ್ತಿರ ಇವೆ. ಈ ವಾರದೊಳಗೆ ಉತ್ತರ ಬರದಿದ್ದರೆ ನೀವು ಉಡುಪಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಬಂದು ಉತ್ತರ ಕೊಡಿ. ನಿಮ್ಮಲ್ಲಿಗೆ ಕೆಲಸ ತರುವ ಈ ಕಡೆಯ ಎಲ್ಲ ಆಚಾರ್ರಿಗೂ ಆ ಹಲಗೆ ತೋರಿಸಿಯೇ ತೋರಿಸುತ್ತೇನೆ.

ಇತಿ,
ನಿಮ್ಮ ಗಿರಾಕಿ, ಉಡುಪಿ