ಈ ವಾರದ ಆಟ: ಒಮಿಕ್ರಾನ್

ಗೆಳೆಯರೇ, ಈ ವಾರ ಎಲ್ಲರೂ ‘ಒಮಿಕ್ರಾನ್: ದಿ ನೋಮ್ಯಾಡ್ ಸೋಲ್’ ಆಡೋಣ. 1999ರದ್ದು, ಕ್ವಾಂಟಿಕ್ ಡ್ರೀಮ್ ಎಂಬ ವಿಡಿಯೋ ಗೇಮ್ ಕಂಪನಿಯವರ ಮೊದಲ ಆಟ. ಒಮಿಕ್ರಾನ್ ಅಂದರೆ ಇಕ್ಸ್ ಎಂಬ ಕಂಪ್ಯೂಟರ್ ಜನರನ್ನು ಹಿಡಿತದಲ್ಲಿಟ್ಟುಕೊಂಡ ನಗರ. ಅಲ್ಲಿನ ಒಬ್ಬ ಪೊಲೀಸನ ಮೈಯೊಳಗೆ ನಿಮ್ಮ ಆತ್ಮ ಸೇರಿಕೊಳ್ಳುತ್ತದೆ. ಅವನು ಸತ್ತರೂ ಆಟ ಮುಗಿಯುವುದಿಲ್ಲ, ಬೇರೊಬ್ಬರ ಮೈಯಲ್ಲಿ ಎದ್ದು ಮುಂದುವರಿಯುತ್ತೀರಿ. ಈ ಒಂದು ಯೋಚನೆಗೇ ಆಡಬೇಕು ಅಲ್ವಾ!

ಪತ್ತೇದಾರಿ, ಕೈಕೈ ಹೊಡೆದಾಟ, ಗುಂಡಿನ ಕಾಳಗ ಎಲ್ಲವೂ ಇದರಲ್ಲೇ ಇವೆ. ಗುಂಡು ಹಾರಿಸುವ ಭಾಗ ಸ್ವಲ್ಪ ಒರಟು, ತಾಳ್ಮೆ ಇರಲಿ. ಸೇವ್ ಮಾಡಲು ಮಾಯಾ ಉಂಗುರ ಬೇಕು, ಸುಮ್ನೆ ಖರ್ಚು ಮಾಡಬೇಡಿ. ನಗರದ ಬಾರ್‌ಗಳಲ್ಲಿ ಬ್ರಿಟಿಷ್ ರಾಕ್ ಗಾಯಕ ಡೇವಿಡ್ ಬೋವಿ ಹಾಡುವ ಕಛೇರಿ ಸಿಕ್ಕರೆ ನಿಂತು ಪೂರ್ತಿ ಕೇಳಿ.

ಭಾನುವಾರದವರೆಗೆ ಕಥೆಯ ಗುಟ್ಟು ಇಲ್ಲಿ ಹಾಕಬೇಡಿ, ದಯವಿಟ್ಟು.