ನಮ್ಮೂರ ಸ್ಮಶಾನದ ಕಲ್ಲಿನ ಶಿಲುಬೆಗೆ ನಿಮ್ಮ ನೆರವು ಬೇಕು

ಆತ್ಮೀಯರೇ, ನಮಸ್ಕಾರ.

ನಾವು ಫ್ರಾನ್ಸಿನ ಪಶ್ಚಿಮ ತುದಿಯ ಬ್ರಿಟ್ಟನಿಯಲ್ಲಿ, ಬ್ರೆಸ್ತ್ ನಗರದ ಹತ್ತಿರ ನೆಲೆಸಿರುವ ಕೆಲವು ಕನ್ನಡ ಕುಟುಂಬದವರು. ನಮ್ಮೂರ ಸ್ಮಶಾನದ ಹಳೆಯ ಕಲ್ಲಿನ ಶಿಲುಬೆಯ ದುರಸ್ತಿಗೆ ಊರವರು ಹಣ ಕೂಡಿಸುತ್ತಿದ್ದಾರೆ. ನಾವೂ ಕೈ ಜೋಡಿಸಿದ್ದೇವೆ. ನಮ್ಮಲ್ಲಿ ಜಾಸ್ತಿ ಜನ ಕ್ರೈಸ್ತರಲ್ಲ. ಆದರೆ ಅನ್ನ ಕೊಟ್ಟ ಊರು ಇದು, ಅಲ್ವಾ?

ಈ ಸೀಮೆಯ ಶಿಲುಬೆಗಳನ್ನು ಒಮ್ಮೆ ನೋಡಿದರೆ ಮರೆಯುವುದು ಕಷ್ಟ. ಗಿಮಿಲಿಯೊ ಎಂಬ ಹಳ್ಳಿಯಲ್ಲಿ 1581ರಿಂದ 1588ರವರೆಗೆ ಕೆತ್ತಿದ ಶಿಲುಬೆಯ ಕಟ್ಟೆ ಇದೆ. ಅದರ ಮೇಲೆ ಸುಮಾರು 200 ವಿಗ್ರಹಗಳು. ಒಂದು ಕಡೆ ಯೇಸು ಶಿಷ್ಯನ ಕಾಲು ತೊಳೆಯುತ್ತಿದ್ದಾರೆ, ಇನ್ನೊಂದು ಕಡೆ ಕೊನೆಯ ಭೋಜನ. ಸೈನಿಕರು ತೊಟ್ಟಿರುವುದು ಶಿಲ್ಪಿಗಳು ದಿನಾ ಕಾಣುತ್ತಿದ್ದ ತಮ್ಮ ಕಾಲದ ಬಟ್ಟೆ! ಕುಣಿತದ ಹುಚ್ಚಿಗೆ ಸೈತಾನನ ಮಾತು ಕೇಳಿ ಕೆಟ್ಟಳೆಂದು ಇಲ್ಲಿಯವರು ಹೇಳುವ ಕತೆಲ್ ಗೊಲ್ಲೆತ್ ಎಂಬ ಹುಡುಗಿಯೂ ಇದ್ದಾಳೆ. ದೆವ್ವಗಳು ಅವಳನ್ನು ನರಕದ ಬಾಯಿಗೆ ಎಳೆಯುತ್ತಿವೆ. ಇಷ್ಟೆಲ್ಲಾ ಮಾಡಿಸಲು ರಾಜರು ಬರಲಿಲ್ಲ. ಲಿನನ್ ಬಟ್ಟೆ ನೇಯ್ದು ಮಾರಿ ಕೈಯಲ್ಲಿ ನಾಲ್ಕು ಕಾಸು ಕಂಡ ಹಳ್ಳಿಗಳೇ ಪೈಪೋಟಿಯ ಮೇಲೆ ಕಟ್ಟಿಸಿದವು.

ಪ್ಲುಗಸ್ತೆಲ್ ಊರಿನ ಶಿಲುಬೆ 1598ರ ಪ್ಲೇಗ್ ತಗ್ಗಿದ ಮೇಲೆ, 1602ರಿಂದ 1604ರಲ್ಲಿ ಎದ್ದಿದ್ದು. 1944ರಲ್ಲಿ ಬ್ರೆಸ್ತ್‌ಗಾಗಿ ನಡೆದ ಕಾಳಗದಲ್ಲಿ ಶೆಲ್ ಬಿದ್ದು ಜಖಂ ಆಯಿತು. ಅಮೆರಿಕದ ಸೇನಾಧಿಕಾರಿ ಜಾನ್ ಸ್ಕಿಲ್ಟನ್ ಯುದ್ಧ ಮುಗಿದ ಮೇಲೆ ತಮ್ಮ ದೇಶದಲ್ಲಿ ಚಂದಾ ಎತ್ತಿ ಅದರ ದುರಸ್ತಿಗೆ ನೆರವಾದರು. ಅಷ್ಟು ದೂರದವರು ಕೊಟ್ಟಿದ್ದಾರೆ ಅನ್ನುವುದೇ ನಿಮ್ಮನ್ನು ಕೇಳಲು ನಮಗೆ ಧೈರ್ಯ.

ನಮ್ಮೂರಿನದು ಅಷ್ಟು ದೊಡ್ಡದಲ್ಲ. ಒಂದೇ ಕಂಬ, ಮೇಲೆ ಯೇಸು, ಹಿಂಬದಿಗೆ ಮರಿಯಮ್ಮ. ಕಂಬದ ತುಂಬಾ ಗಂಟು ಗಂಟು. ಅವು ಪ್ಲೇಗಿನ ಗಡ್ಡೆಗಳು ಎಂದು ಹಿರಿಯರು ಹೇಳುತ್ತಾರೆ. ಕಲ್ಲು ಈ ಕಡಲ ತೀರದ ಕೆರ್ಸಾಂತೋನ್. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಆರಿದಂತೆ ಗಟ್ಟಿ. ಅದಕ್ಕೇ ಮರಿಯಮ್ಮನ ಸೆರಗಿನ ನೆರಿಗೆ ಇವತ್ತಿಗೂ ಬೆರಳಿಗೆ ಸಿಗುತ್ತದೆ. ತೊಂದರೆ ಇರುವುದು ಕಲ್ಲುಗಳ ಸಂದುಗಳಲ್ಲಿ. ಒಳಗಿನ ಕಬ್ಬಿಣದ ಸರಳು ತುಕ್ಕು ಹಿಡಿದು ಉಬ್ಬಿ ಕಲ್ಲನ್ನು ಸೀಳುತ್ತಿದೆ. ಹಿಂದೆ ಯಾರೋ ತುಂಬಿದ ಸಿಮೆಂಟು ಮಳೆ ನೀರನ್ನು ಹೊರಗೆ ಬಿಡುತ್ತಿಲ್ಲ. ಸರಳು ತೆಗೆದು ತುಕ್ಕು ಹಿಡಿಯದ್ದನ್ನು ಕೂರಿಸಬೇಕು, ಸಿಮೆಂಟು ಕೆತ್ತಿ ಸುಣ್ಣದ ಗಾರೆ ತುಂಬಬೇಕು. ಮುಖ ಮುಚ್ಚಿರುವ ಕಲ್ಲುಹೂವನ್ನು ಮೆತ್ತನೆ ಬ್ರಷ್‌ನಲ್ಲಿ, ತಾಳ್ಮೆಯಿಂದ ತೆಗೆಯಬೇಕು. ಇದು ಪಳಗಿದ ಕಲ್ಲುಕುಟಿಗರ ಕೆಲಸ, ಕಡಿಮೆ ದುಡ್ಡಿಗೆ ಆಗುವುದಲ್ಲ. ಹೆಸರಾದ ಶಿಲುಬೆಗಳಿಗೆ ಸರ್ಕಾರದ ನೆರವು ಸಿಗುತ್ತದೆ. ಇಂಥವಕ್ಕೆ ಊರವರೇ ಗತಿ.

ನಿಮ್ಮಿಂದ ಆದಷ್ಟು ಕೊಡಿ, ಹತ್ತು ಯೂರೋ ಆದರೂ ಸರಿ. ಹಣ ನಮ್ಮ ಕೈಗೆ ಬೇಡ, ನೇರವಾಗಿ ಊರಿನ ಪುರಸಭೆಗೆ ಹೋಗಲಿ. ‘ಶಿಲುಬೆ ದುರಸ್ತಿಗೆ’ ಎಂದು ಮರೆಯದೆ ಬರೆಯಿರಿ, ರಸೀದಿ ಕೇಳಿ ಪಡೆಯಿರಿ. ಫ್ರಾನ್ಸಿನಲ್ಲಿ ಆದಾಯ ತೆರಿಗೆ ಕಟ್ಟುವವರಾದರೆ, ಇಂಥ ದೇಣಿಗೆಯ 66% ತೆರಿಗೆಯಲ್ಲಿ ಕಳೆಯುತ್ತದೆ. ಅಂದರೆ 100 ಯೂರೋ ಕೊಟ್ಟರೆ ಕೈಯಿಂದ ಹೋಗುವುದು 34 ಮಾತ್ರ. ನವೆಂಬರ್ 1ರಂದು, ಸಕಲ ಸಂತರ ಹಬ್ಬಕ್ಕೆ, ಊರವರೆಲ್ಲ ಸೇವಂತಿಗೆ ಹಿಡಿದು ಸಮಾಧಿಗಳಿಗೆ ಬರುತ್ತಾರೆ. ಅಷ್ಟರೊಳಗೆ ಕೆಲಸ ಶುರು ಮಾಡಿಸಬೇಕೆಂದಿದ್ದೇವೆ, ದಯವಿಟ್ಟು ತಡ ಮಾಡಬೇಡಿ.